ಮೂಲ ಊರಿಗೆ ಬರಲಿ, ನಕಲು ಬೆಂಗಳೂರಿಗೆ ಹೋಗಲಿ

ಗೆಜ್ಜಲಗೆರೆಯ ಹೆಸರು ದೇಶಕ್ಕೆಲ್ಲ ಕೇಳಿಸಿದ್ದು 2023ರ ಮಾರ್ಚ್ 12ರಂದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಪ್ರಧಾನಿ ಲೋಕಾರ್ಪಣೆ ಮಾಡಿದ ಸಮಾರಂಭ ನಡೆದದ್ದು ಇಲ್ಲಿ. ಅಲ್ಲಿಯವರೆಗೆ ಗೆಜ್ಜಲಗೆರೆ ಎಂದರೆ ಮನ್‌ಮುಲ್ ಡೇರಿ, ಹಾಲಿನ ಟ್ಯಾಂಕರು, ಅಷ್ಟೆ. ರಸ್ತೆಯಾದ ಮೇಲೆ ಬೆಂಗಳೂರು ಹತ್ತಿರವಾಯಿತು ಎನ್ನುತ್ತಾರೆ. ಹೋಗುವವರಿಗೆ ಹತ್ತಿರವಾದದ್ದು ನಿಜ. ಈ ಸೀಮೆಯಿಂದ ಆ ಕಡೆಗೆ ಹಾಲು ಹೋಗುತ್ತದೆ, ಮದ್ದೂರಿನ ಮಾರುಕಟ್ಟೆಯಿಂದ ಎಳನೀರು ಹೋಗುತ್ತದೆ, ಓದಿದ ಹುಡುಗರು ಹೋಗುತ್ತಾರೆ. ರಸ್ತೆ ಇಷ್ಟು ನುಣುಪಾಗುವುದಕ್ಕೆ ಬಹಳ ಹಿಂದೆ, ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೇ, ಒಂದು ಕಲ್ಲೂ ಹೋಯಿತು. ಅದು ಆತಕೂರು ಶಾಸನ. ಊರು ನಮ್ಮ ಮದ್ದೂರು ತಾಲ್ಲೂಕಿನದೇ. ಹೋಬಳಿ ಕೇಂದ್ರ, ಈಗ ಜನ ಆತಗೂರು ಎನ್ನುತ್ತಾರೆ. ಕಲ್ಲು ಇರುವುದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ.

ಅದು ಅಲ್ಲಿರುವುದೇ ಸರಿ ಎಂಬುದು ಎಲ್ಲರ ಅಭಿಪ್ರಾಯ. ಓದಿದವರಷ್ಟೇ ಅಲ್ಲ, ಊರ ಕಡೆಯವರೂ ಅದನ್ನೇ ಹೇಳುತ್ತಾರೆ. “ಇಲ್ಲೇ ಇದ್ದಿದ್ರೆ ಯಾವತ್ತೋ ಬಟ್ಟೆ ಒಗಿಯೋ ಕಲ್ಲಾಗೋಗಿರದು, ಬುಡಿ ಸಾ” ಎನ್ನುವ ಮಾತನ್ನು ನಮ್ಮ ಕಡೆ ಯಾವ ಹಳೇ ಕಲ್ಲಿನ ವಿಷಯ ತೆಗೆದರೂ ಕೇಳಬಹುದು. ಸಾಹೇಬರು ನೋಡಿದರು, ಬೆಲೆ ಗೊತ್ತಾಯಿತು, ಒಯ್ದು ಉಳಿಸಿದರು. ಇಲ್ಲದಿದ್ದರೆ ಗತಿಯೇನಿತ್ತು ಎಂಬ ಕೃತಜ್ಞತೆ ಅದರಲ್ಲಿದೆ. ತನ್ನ ಊರಿನವರ ಬಗ್ಗೆ ತಾನೇ ಇಟ್ಟುಕೊಂಡ ತಾತ್ಸಾರವೂ ಇದೆ. ಎರಡನ್ನೂ ನಾನು ಒಪ್ಪುವುದಿಲ್ಲ. ಕಾರಣ ಕಲ್ಲಿನ ಮೇಲೇ ಬರೆದಿದೆ.

ಅದರಲ್ಲಿ ಏನಿದೆ ಎಂದರೆ ಬಹುಪಾಲು ಜನ “ನಾಯಿಯ ಸ್ಮಾರಕ” ಎಂದು ಹೇಳಿ ಮುಗಿಸುತ್ತಾರೆ. ನಾಯಿ ಸಾಕುವವರು ಆಗಾಗ ಅದರ ಚಿತ್ರವನ್ನು ಹಂಚಿಕೊಂಡು ಕಣ್ಣೀರು ಹಾಕುವುದೂ ಉಂಟು. ನಾಯಿ ಇರುವುದು ನಿಜ. ನಾಯಿಯೂ ಕಾಡುಹಂದಿಯೂ ಒಂದರ ಮೇಲೊಂದು ಬಿದ್ದ ಕೆತ್ತನೆ ಕಲ್ಲಿನಲ್ಲಿದೆ. ಆದರೆ ಆ ನಾಯಿ ಆತಕೂರಿಗೆ ಬಂದ ದಾರಿ ದೊಡ್ಡದು. ಈಗಿನ ತಮಿಳುನಾಡಿನ ಅರಕ್ಕೋಣದ ಹತ್ತಿರದ ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೇ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ಯುದ್ಧವಾಯಿತು. ಆನೆಯ ಅಂಬಾರಿಯನ್ನೇ ಕಣವನ್ನಾಗಿ ಮಾಡಿಕೊಂಡು ರಾಜಾದಿತ್ಯನನ್ನು ಸುರಗಿಯಿಂದ ಇರಿದು ಕೊಂದವನು ಗಂಗರ ಇಮ್ಮಡಿ ಬೂತುಗ, ಕೃಷ್ಣನ ಭಾವ. ಮೆಚ್ಚಿದ ಕೃಷ್ಣ ಅವನಿಗೆ ಬನವಾಸಿ ಹನ್ನೆರಡು ಸಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು, ಬಾಗೆನಾಡುಗಳನ್ನು ಕೊಟ್ಟ. ಅದೇ ಯುದ್ಧದಲ್ಲಿ ಬೂತುಗನ ಕಣ್ಣಮುಂದೆ ಕಾದಿದ ಆಳು ಮಣಲೆರ. ಏನು ಬೇಕು ಕೇಳು ಎಂದ ಒಡೆಯನ ಹತ್ತಿರ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದನ್ನು ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಕಚ್ಚಾಡಿಕೊಂಡು ಒಟ್ಟಿಗೇ ಸತ್ತವು. ಅದರ ನೆನಪಿಗೆ ಮಣಲೆರ ಆತಕೂರಿನ ಚಲ್ಲೇಶ್ವರನ ಮುಂದೆ ಕಲ್ಲು ನಿಲ್ಲಿಸಿದ. ಕಾಲ ಶಕ 872, ಸೌಮ್ಯ ಸಂವತ್ಸರ, ಕ್ರಿ.ಶ. 949–50.

ಬೇರೆ ಊರು ಬಿಟ್ಟು ಆತಕೂರೇ ಯಾಕೆ ಎಂದು ಕೇಳಬೇಕು. ಬೂತುಗ ಅವನಿಗೆ ನಾಯಿಯ ಜೊತೆಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಹಳ್ಳಿಯನ್ನೂ ಬಾಳ್ಗಚ್ಚಾಗಿ, ಕತ್ತಿ ತೊಳೆದ ಉಂಬಳಿಯಾಗಿ, ಕೊಟ್ಟಿದ್ದ. ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಆಳಿಗೆ, ಆಳಿನಿಂದ ನಾಯಿಗೆ ಇಳಿದುಬಂದ ಋಣ ಕೊನೆಗೆ ನೆಲ ಮುಟ್ಟಿದ್ದು ಈ ಊರಿನಲ್ಲಿ. ಅಲ್ಲಿಗೂ ನಿಲ್ಲಲಿಲ್ಲ. ಮಣಲೆರ ಕಲ್ಲಿಗಾಗಿ ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಬಿತ್ತುವಷ್ಟು ಮಣ್ಣನ್ನು ಬಿಟ್ಟ. ಆ ಮಣ್ಣನ್ನು ಕೆಡಿಸಿದವರು ನಾಡಾಳುವವರಾದರೂ ಊರಾಳುವವರಾದರೂ ಒಕ್ಕಲಾದರೂ ನಾಯಿ ಮಾಡಿದ ಪಾಪಕ್ಕೆ ಹೋಗಲಿ ಎಂದು ಬರೆಸಿದ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೂ ಅದೇ ಪಾಪ ಎಂದೂ ಬರೆಸಿದ.

ಈಗ ಹೇಳಿ, ಉಳಿಸಿದೆವು ಎನ್ನುವವರು ಇದರಲ್ಲಿ ಯಾವುದನ್ನು ಉಳಿಸಿದರು?

ಅಕ್ಷರವನ್ನು ಉಳಿಸಿದರು ಎನ್ನಬಹುದು. ಆದರೆ ಅಕ್ಷರ ಉಳಿಯಲು ಕಲ್ಲು ಊರು ಬಿಡಬೇಕಾಗಿರಲಿಲ್ಲ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೇ ಸಂಪುಟದಲ್ಲಿ ಆಗಿನ ಮಂಡ್ಯ ತಾಲ್ಲೂಕಿನ 41ನೇ ಶಾಸನವಾಗಿ ಅದು ಅಚ್ಚಾಗಿದೆ. ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದಲ್ಲಿ ಅದನ್ನು ಸಂಪಾದಿಸಿದ್ದಾರೆ. ರೈಸ್ ಸಾವಿರಾರು ಶಾಸನಗಳನ್ನು ಅಚ್ಚು ಮಾಡಿಸಿದ್ದು ಕಲ್ಲುಗಳನ್ನೆಲ್ಲ ಗಾಡಿಗೆ ಹೇರಿಕೊಂಡು ಹೋಗಿ ಅಲ್ಲ. ಅವು ಇದ್ದ ಇದ್ದಲ್ಲಿಗೇ ಹೋಗಿ ಪಡಿಯಚ್ಚು ತೆಗೆಸಿ. ಅವುಗಳಲ್ಲಿ ಬಹುಪಾಲು ಇವತ್ತಿಗೂ ಗುಡಿಯಂಗಳದಲ್ಲಿ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ನಿಂತಿವೆ. ವಿದ್ವಾಂಸರ ಕೈಗೆ ಸಿಕ್ಕಿದ್ದರಿಂದ ಲಾಭವಾಗಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಬೂತುಗ ರಾಜಾದಿತ್ಯನನ್ನು ಮೋಸದಿಂದ ಕೊಂದ ಎಂದು ಫ್ಲೀಟ್ ಮೊದಲು ಅರ್ಥ ಮಾಡಿದ್ದರು. ಆಮೇಲೆ ಆ ಓದು ತಿದ್ದುಪಡಿಯಾಗಿ ಬೂತುಗನ ಮೇಲಿನ ಕಳಂಕ ಹೋಯಿತು. ಆದರೆ ಇಂಥ ಮರು ಓದು ನಡೆಯುವುದು ಹೆಚ್ಚಾಗಿ ಮೇಜಿನ ಮೇಲೆ ಹರಡಿದ ಮಸಿಯ ಪಡಿಯಚ್ಚಿನ ಮೇಲೆ. ಈಗಂತೂ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಊರೂರಿನ ಶಾಸನಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಬಿಸಿಲಿನಲ್ಲಿ ಕಲ್ಲಿನ ಮುಂದೆ ಕೂತರೂ ಕಾಣದ ಗೀರು ಆ ಚಿತ್ರದಲ್ಲಿ ಕಾಣುತ್ತದೆ. ಓದಿಗೆ ಕಲ್ಲು ರಾಜಧಾನಿಯಲ್ಲೇ ಇರಬೇಕೆಂಬ ವಾದ ಸತ್ತು ಬಹಳ ಕಾಲವಾಯಿತು.

ಉಳಿದದ್ದೇನು? ಕೆರೆಯ ಕೆಳಗಿನ ಮಣ್ಣು, ಗೊರವನ ಊಟಕ್ಕೆ ಮುಂಚಿನ ಪೂಜೆ, ಒಕ್ಕಲಿನ ಮೇಲಿನ ಆಣೆ. ಇವು ಕಲ್ಲಿನ ಅಲಂಕಾರಗಳಲ್ಲ, ಅದನ್ನು ನಿಲ್ಲಿಸಿದ ಉದ್ದೇಶವೇ ಇವು. ಇವುಗಳಲ್ಲಿ ಒಂದೂ ಕಸ್ತೂರಬಾ ರಸ್ತೆಗೆ ಹೋಗಲಿಲ್ಲ, ಹೋಗಲು ಸಾಧ್ಯವೂ ಇರಲಿಲ್ಲ. ನಮ್ಮ ಹೊಲದ ಮೂಲೆಯ ಬಾಂದುಕಲ್ಲನ್ನು ಯಾರೋ ಕಿತ್ತು ಸವೆಯದಿರಲಿ ಎಂದು ತಾಲ್ಲೂಕು ಕಚೇರಿಯ ಬೀರುವಿನಲ್ಲಿ ಇಟ್ಟರೆ ಕಲ್ಲು ಚೆನ್ನಾಗಿಯೇ ಇರುತ್ತದೆ. ಹೊಲದ ಗಡಿ ಯಾವುದು ಎಂದು ಕೇಳಿದರೆ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ.

ಭದ್ರತೆಯ ಮಾತಿಗೆ ಬರೋಣ, ಯಾಕೆಂದರೆ ಎಲ್ಲ ವಾದವೂ ಕೊನೆಗೆ ಬಂದು ಕೂರುವುದು ಅಲ್ಲೇ. ನಿಧಿಗಳ್ಳರು ವೀರಗಲ್ಲುಗಳ ಬುಡ ಅಗೆಯುವುದು, ಗುಡಿ ಜೀರ್ಣೋದ್ಧಾರದ ಹೆಸರಿನಲ್ಲಿ ಶಾಸನದ ಮೇಲೆ ಆಯಿಲ್ ಪೇಂಟ್ ಬಳಿಯುವುದು, ಮಾಸ್ತಿಕಲ್ಲನ್ನು ಚರಂಡಿಗೆ ಅಡ್ಡ ಹಾಕುವುದು, ಇವೆಲ್ಲ ಕಟ್ಟುಕತೆಗಳಲ್ಲ. ಆದರೂ ಲೆಕ್ಕ ನೋಡಿ. ಆತಕೂರಿನ ಕಲ್ಲು ಕೆತ್ತನೆ ಕೆಡದೆ, ಅಕ್ಷರ ಅಳಿಯದೆ, ಸಾಹೇಬರ ಕಣ್ಣಿಗೆ ಬೀಳುವವರೆಗೆ ಒಂಬೈನೂರು ವರ್ಷಕ್ಕೂ ಮಿಕ್ಕಿ ಊರಿನಲ್ಲೇ ಇತ್ತು. ಆ ನಡುವೆ ಗಂಗರು ಹೋದರು, ಚೋಳರು ಬಂದರು, ಹೊಯ್ಸಳರು, ವಿಜಯನಗರದವರು, ಒಡೆಯರು, ಹೈದರ್, ಟಿಪ್ಪು, ಕಂಪನಿ ಎಲ್ಲ ಬಂದು ಹೋದರು. ಊರಿನವರು ಅದನ್ನು ಓದಿಕೊಂಡು ಕಾಪಾಡಿದರು ಎಂದು ನಾನು ಹೇಳುವುದಿಲ್ಲ. ಬಹುಶಃ ಭಯದಿಂದಲೋ ಅಭ್ಯಾಸದಿಂದಲೋ ಮುಟ್ಟದೆ ಬಿಟ್ಟರು. ಏನೇ ಆಗಲಿ ಕಲ್ಲು ಇತ್ತು. ಇದ್ದದ್ದರಿಂದಲೇ ಒಯ್ಯಲು ಸಿಕ್ಕಿತು. ಒಂಬೈನೂರು ವರ್ಷ ಇಟ್ಟುಕೊಂಡವರಿಗೆ ಇಟ್ಟುಕೊಳ್ಳಲು ಬರುವುದಿಲ್ಲ ಎಂದು ನೂರಿಪ್ಪತ್ತೈದು ವರ್ಷ ಇಟ್ಟುಕೊಂಡವರು ಹೇಳುವುದು ಸ್ವಲ್ಪ ಅತಿಯಾಯಿತು.

ವಸ್ತುಸಂಗ್ರಹಾಲಯದ ಗೋಡೆಯೂ ದೇವರು ಕಟ್ಟಿದ್ದಲ್ಲ. 2018ರ ಸೆಪ್ಟೆಂಬರಿನ ಒಂದು ರಾತ್ರಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಇನ್ನೂರು ವರ್ಷ ಹಳೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉರಿದುಹೋಯಿತು. ಸುಮಾರು ಎರಡು ಕೋಟಿ ವಸ್ತುಗಳ ಸಂಗ್ರಹದಲ್ಲಿ ಬಹುಭಾಗ ಬೂದಿ. 2016ರ ಏಪ್ರಿಲ್‌ನಲ್ಲಿ ದೆಹಲಿಯ ರಾಷ್ಟ್ರೀಯ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೂ ಬೆಂಕಿ ಬಿತ್ತು. 2003ರಲ್ಲಿ ಬಾಗ್ದಾದಿನ ಸಂಗ್ರಹಾಲಯ ಲೂಟಿಯಾಯಿತು. ಕಲ್ಲಿಗೆ ಬೆಂಕಿ ಏನು ಮಾಡೀತು ಎನ್ನಬಹುದು. ಕಾದ ಕಲ್ಲು ಸಿಡಿಯುತ್ತದೆ, ಚಕ್ಕೆ ಏಳುತ್ತದೆ. ಬೆಂಗಳೂರಿನದಕ್ಕೆ ಹೀಗಾಗುತ್ತದೆ ಎಂದು ಭವಿಷ್ಯ ಹೇಳುತ್ತಿಲ್ಲ. ಅಪರೂಪದ್ದನ್ನೆಲ್ಲ ಒಂದೇ ಸೂರಿನಡಿ ತುಂಬುವುದನ್ನೇ ಭದ್ರತೆ ಎನ್ನಬೇಡಿ ಎನ್ನುತ್ತಿದ್ದೇನೆ.

ಆ ಸಂಗ್ರಹಾಲಯದ ಮೇಲೆ ನನಗೆ ಸಿಟ್ಟಿಲ್ಲ. ಎಡ್ವರ್ಡ್ ಬಾಲ್ಫೋರ್ ಎಂಬ ವೈದ್ಯಾಧಿಕಾರಿಯ ಆಸಕ್ತಿಯಿಂದ 1865ರಲ್ಲಿ ಶುರುವಾದ, ದೇಶದ ಹಳೆಯ ಸಂಗ್ರಹಾಲಯಗಳಲ್ಲಿ ಒಂದು. ಕರ್ನಲ್ ಸ್ಯಾಂಕಿ ವಿನ್ಯಾಸ ಮಾಡಿದ ಈಗಿನ ಕೆಂಪು ಕಟ್ಟಡ 1877ರದು. ನೋಡಲು ಚೆಂದ. ನಮ್ಮ ಕಡೆಯ ಶಾಲೆಗಳು ಪ್ರವಾಸ ಹೊರಟರೆ ವಿಧಾನಸೌಧ ತೋರಿಸಿ, ಕಬ್ಬನ್ ಪಾರ್ಕಿನಲ್ಲಿ ಬುತ್ತಿ ಬಿಚ್ಚಿಸಿ, ಅದೇ ರಸ್ತೆಯ ವಿಶ್ವೇಶ್ವರಯ್ಯ ಸಂಗ್ರಹಾಲಯಕ್ಕೆ ನುಗ್ಗಿಸುತ್ತಾರೆ. ಅಲ್ಲಿ ಅಲ್ಲಾಡುವ ಡೈನೋಸಾರ್ ಇದೆ. ಅಲ್ಲಾಡದ ನಾಯಿಯ ಕಡೆಗೆ ಮಕ್ಕಳ ಕಾಲು ಹೋಗದಿದ್ದರೆ ತಪ್ಪು ಮಕ್ಕಳದಲ್ಲ. ಹೋದರೂ ಹತ್ತನೇ ಶತಮಾನದ ಲಿಪಿಯನ್ನು ಮಕ್ಕಳಿರಲಿ, ಕನ್ನಡ ಎಂ.ಎ. ಮಾಡಿದ ಮೇಷ್ಟ್ರೂ ತರಬೇತಿಯಿಲ್ಲದೆ ಓದಲಾರರು. ಅವರೆಲ್ಲರೂ ನೋಡುವುದು ಒಂದು ಆಕಾರವನ್ನು, ಓದುವುದು ಪಕ್ಕದ ವಿವರಣೆಯನ್ನು. ಇಷ್ಟಕ್ಕೆ ಮೂಲ ಕಲ್ಲೇ ಯಾಕೆ ಬೇಕು?

ನನ್ನ ತಕರಾರು ಇರುವುದು ಈ ಕಟ್ಟಡದ ಜೊತೆಗಲ್ಲ, ನಾವು ಮಾಡಿಕೊಂಡಿರುವ ಒಂದು ಹಂಚಿಕೆಯ ಜೊತೆಗೆ. ಮೂಲ ನಗರಕ್ಕೆ, ನಕಲು ಹಳ್ಳಿಗೆ. ಹಲ್ಮಿಡಿಯನ್ನು ನೋಡಿ. ಕನ್ನಡದ ಅತಿ ಹಳೆಯ ಶಾಸನಗಳ ಮಾತು ಬಂದಾಗಲೆಲ್ಲ ಬರುವ ಹೆಸರು. ಬೇಲೂರು ತಾಲ್ಲೂಕಿನ ಆ ಊರಿನಲ್ಲಿ ಈಗ ನಿಂತಿರುವುದು ಪ್ರತಿಕೃತಿ. ಅಷ್ಟಾದರೂ ಮಾಡಿದರಲ್ಲ ಎಂದು ಸಮಾಧಾನಪಡುತ್ತೇವೆ. ಮಹಾಕೂಟದ ಕಂಬ, ಚಾಲುಕ್ಯ ಮಂಗಲೇಶನ ಕಾಲದ್ದು, ವಿಜಯಪುರದ ಗೋಲಗುಮ್ಮಟದ ಸಂಗ್ರಹಾಲಯದಲ್ಲಿದೆ. ಮಹಾಕೂಟದ ಹೊಂಡದಲ್ಲಿ ಮುಳುಗಿ ಏಳುವವರಿಗೆ ಅಂಥದ್ದೊಂದು ಇಲ್ಲಿತ್ತು ಎಂಬುದು ಗೊತ್ತಾಗುವುದು ಹೇಗೆ? ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಬಂಡೆಗೇ ಕೊರೆದದ್ದಾದ್ದರಿಂದ ಬಚಾವಾಯಿತು. ಅದನ್ನು ನೋಡಲು ಜನ ಇವತ್ತಿಗೂ ಬಾದಾಮಿಗೇ ಹೋಗುತ್ತಾರೆ, ಬಿಸಿಲಿಗೆ ಬೈದುಕೊಂಡು ಮೆಟ್ಟಿಲು ಹತ್ತುತ್ತಾರೆ. ಬಂಡೆಗೆ ಸಿಕ್ಕ ಮರ್ಯಾದೆ ಬಿಡಿಗಲ್ಲಿಗೆ ಸಿಗಲಿಲ್ಲ, ಅದನ್ನು ಎತ್ತಲು ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ.

ಈ ಹಂಚಿಕೆಯನ್ನು ತಿರುಗಿಸಬೇಕು. ಸಂಗ್ರಹಾಲಯದ ಕೆಲಸ ಕಲಿಸುವುದು, ಹೋಲಿಸುವುದು, ಒಂದು ನಾಡಿನ ಕತೆಯನ್ನು ಒಂದೇ ಸುತ್ತಿನಲ್ಲಿ ತೋರಿಸುವುದು. ಅದಕ್ಕೆ ಒಳ್ಳೆಯ ನಕಲು ಸಾಕು. ನಕಲಾದರೆ ಮಕ್ಕಳು ಮುಟ್ಟಿ ನೋಡಬಹುದು, ಕಣ್ಣಿಲ್ಲದವರು ಬೆರಳಾಡಿಸಿ ಹಂದಿ ಯಾವುದು ನಾಯಿ ಯಾವುದು ಎಂದು ತಿಳಿಯಬಹುದು, ಪಕ್ಕದಲ್ಲಿ ಹೊಸಗನ್ನಡದ ಅಕ್ಷರದಲ್ಲಿ ಸಾಲು ಸಾಲಾಗಿ ಬಿಡಿಸಿ ಬರೆಯಬಹುದು. ಗಾಜಿಲ್ಲ, ಸರಪಳಿಯಿಲ್ಲ. ಊರಿಗೆ ಬೇಕಾದದ್ದು ಪಾಠವಲ್ಲ, ಆ ನೆಲದ ಮೇಲಿನ ಹಕ್ಕು ಬಾಧ್ಯತೆಗಳ ಸಾಕ್ಷಿ. ಅದಕ್ಕೆ ಫೈಬರ್ ಗ್ಲಾಸ್ ಆಗುವುದಿಲ್ಲ. ಫೈಬರ್ ಗ್ಲಾಸಿನ ಮೇಲೆ ಕೈಯಿಟ್ಟು ಯಾರೂ ಆಣೆ ಮಾಡುವುದಿಲ್ಲ.

ಇದು ಕನಸಿನ ಮಾತಲ್ಲ ಎನ್ನಲು ಬೆಂಗಳೂರೇ ಸಾಕ್ಷಿ. ಬೇಗೂರಿನಿಂದ ಎರಡು ದೊಡ್ಡ ಕಲ್ಲುಗಳ ಹೆಸರು ಬರುತ್ತದೆ. ನಾಗತ್ತರನ ಯುದ್ಧದ ಕೆತ್ತನೆಯಿರುವ ಭವ್ಯ ವೀರಗಲ್ಲು ಆತಕೂರಿನದರಂತೆಯೇ ಸಂಗ್ರಹಾಲಯ ಸೇರಿತು. ಬೆಂಗಳೂರಿನ ಕಾಳಗವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರ ಇನ್ನೊಂದು ಕಲ್ಲು, ನೋಡಲು ಏನೂ ಅಲ್ಲದ್ದು, ಗುಡಿಯ ಆವರಣದಲ್ಲೇ ಉಳಿಯಿತು. ಬಹುಕಾಲ ಕೇಳುವವರಿಲ್ಲದೆ ಬಿದ್ದಿತ್ತು, ಒಪ್ಪುತ್ತೇನೆ. ಆದರೆ ಇವತ್ತು ತಮ್ಮ ಊರಿನ ಹೆಸರು ಎಲ್ಲಿ ಹುಟ್ಟಿತು ಎಂದು ಹುಡುಕುವವರು ಹೋಗುವುದು ಬೇಗೂರಿಗೆ. ಹೆಬ್ಬಾಳದ ಕತೆ ಇನ್ನೂ ಹೊಸದು. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಅಲ್ಲಿ ಬೆಳಕಿಗೆ ಬಂತು. ಸಂಗ್ರಹಾಲಯ ಕೂಗಳತೆಯಲ್ಲೇ ಇತ್ತು ಎನ್ನಬೇಕು. ಒಯ್ಯಲಿಲ್ಲ. ಊರಿನವರೂ ಶಾಸನಾಸಕ್ತರೂ ಸೇರಿ ಅಲ್ಲೇ ಮಂಟಪ ಕಟ್ಟಿದರು. ಫ್ಲೈಓವರಿನ ಗದ್ದಲದ ಪಕ್ಕದ ಹೆಬ್ಬಾಳಕ್ಕೆ ಆಗುವುದು, ಕೆರೆ ಗದ್ದೆ ಇನ್ನೂ ಇರುವ ಮದ್ದೂರು ತಾಲ್ಲೂಕಿಗೆ ಆಗುವುದಿಲ್ಲವೇ? ನಮ್ಮಲ್ಲೂ 1938ರ ಶಿವಪುರ ಧ್ವಜ ಸತ್ಯಾಗ್ರಹದ ಸೌಧ ನಿಂತಿರುವುದು ಬಾವುಟ ಹಾರಿಸಿದ ಶಿವಪುರದಲ್ಲೇ. ಅದನ್ನು ಬೆಂಗಳೂರಿನಲ್ಲಿ ಕಟ್ಟಿದ್ದರೆ ನಾವೇ ರಸ್ತೆ ತಡೆ ಮಾಡುತ್ತಿದ್ದೆವು.

ವಾಪಸು ಬಂದರೆ ಮುಗಿಯಿತು ಎಂದೂ ಇಲ್ಲ. ತಮಿಳುನಾಡಿನ ಪತ್ತೂರಿನ ನಟರಾಜ ಲಂಡನ್ನಿನ ನ್ಯಾಯಾಲಯದಲ್ಲಿ ಗೆದ್ದು 1991ರಲ್ಲಿ ದೇಶಕ್ಕೆ ಬಂದ. ಬಂದವನನ್ನು ತಿರುವಾರೂರಿನ ವಿಗ್ರಹ ರಕ್ಷಣಾ ಕೇಂದ್ರದಲ್ಲಿ ಬೀಗ ಹಾಕಿ ಇಟ್ಟರು. ಸಮುದ್ರ ದಾಟಿದವನಿಗೆ ಪಕ್ಕದ ಊರು ದಾಟಲಾಗಲಿಲ್ಲ. ಭದ್ರತೆ ಎಂಬ ಮಾತಿನ ಜೋರು ಅಂಥದ್ದು. ಅದು ಪರದೇಶದವರ ಬಾಯಲ್ಲಿ ಬಂದರೆ ವಸಾಹತುಶಾಹಿ ಎನ್ನುತ್ತೇವೆ, ನಮ್ಮ ಇಲಾಖೆಯ ಬಾಯಲ್ಲಿ ಬಂದರೆ ತಲೆ ಆಡಿಸುತ್ತೇವೆ. ಪಾರ್ಥೆನಾನ್ ಶಿಲ್ಪಗಳನ್ನು ಬ್ರಿಟಿಷ್ ಮ್ಯೂಸಿಯಂ ಅಥೆನ್ಸಿಗೆ ಹಿಂದಿರುಗಿಸಬೇಕು ಎಂದು ಬರೆಯುವ ಕನ್ನಡದ ಲೇಖಕರು ಅದೇ ನ್ಯಾಯವನ್ನು 80–90 ಕಿಲೋಮೀಟರಿನ ಒಳಗೆ ಅನ್ವಯಿಸಿ ನೋಡಿದ್ದು ಕಡಿಮೆ.

ನನ್ನನ್ನು ನಿಜಕ್ಕೂ ಯೋಚನೆಗೆ ಹಚ್ಚುವ ಆಕ್ಷೇಪ ಬೇರೆಯದು. ಕಲ್ಲು ಊರಿಗೆ ಬಂದ ಮರುದಿನವೇ ಅದಕ್ಕೆ ಅರಿಶಿನ ಕುಂಕುಮ ಬೀಳುತ್ತದೆ, ವರ್ಷದೊಳಗೆ ಒಂದು ಟ್ರಸ್ಟು ಹುಟ್ಟುತ್ತದೆ, ಎರಡನೇ ವರ್ಷ ಮಣಲೆರ ಯಾವ ಜಾತಿಯವನು ಎಂಬ ಫ್ಲೆಕ್ಸ್ ಏಳುತ್ತದೆ. ಮಂಡ್ಯ ಜಿಲ್ಲೆಯನ್ನು ಬಲ್ಲವರು ಇದನ್ನು ತಮಾಷೆ ಎನ್ನಲಾರರು. ಜಾತಿಯ ಜಗಳಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಕಲ್ಲಿಲ್ಲದೆಯೂ ಅದು ನಡೆದೇ ಇದೆ ಎಂಬುದೊಂದೇ ಸಮಾಧಾನ. ಆದರೆ ಪೂಜೆಯ ವಿಷಯದಲ್ಲಿ ನಾವು, ಅಂದರೆ ಓದಿಕೊಂಡವರು, ಸ್ವಲ್ಪ ಬಾಯಿ ಮುಚ್ಚಿಕೊಳ್ಳಬೇಕು. ಈ ಕಲ್ಲನ್ನು ಪೂಜಿಸಿಯೇ ಉಣ್ಣಬೇಕು ಎಂದದ್ದು ಅದನ್ನು ನಿಲ್ಲಿಸಿದವನು. ಮುಟ್ಟಬೇಡಿ, ದೂರದಿಂದ ನೋಡಿ ಎಂಬುದು ನಾವು ಆಮೇಲೆ ಸೇರಿಸಿದ ಕಟ್ಟಳೆ. ಎಣ್ಣೆ ಕುಂಕುಮ ಅಕ್ಷರಕ್ಕೆ ಹಾನಿ ಎಂದರೆ ಹೂವಿಟ್ಟು ನೀರು ಹಾಕಿ ಎಂದು ತಿಳಿಸಿಹೇಳಬಹುದು. ಮೇಲೊಂದು ಸೂರು, ಸುತ್ತ ಕಂಬಿ, ನೋಡಿಕೊಳ್ಳಲು ಸಂಬಳ ಕೊಟ್ಟ ಒಬ್ಬ ಆಳು, ವರ್ಷಕ್ಕೊಮ್ಮೆ ಇಲಾಖೆಯವರ ತಪಾಸಣೆ, ಇಷ್ಟು ಸಾಕು. ಮಣಲೆರ ಎರಡು ಖಂಡುಗ ಮಣ್ಣು ಬಿಟ್ಟದ್ದು ಇದೇ ಖರ್ಚಿಗೆ.

ಎಲ್ಲ ಸಂಗ್ರಹಾಲಯಗಳನ್ನೂ ಖಾಲಿ ಮಾಡಿ ಎಂಬ ಹುಚ್ಚು ನನಗಿಲ್ಲ. ಉತ್ಖನನದಲ್ಲಿ ಸಿಕ್ಕ ಮಡಕೆಚೂರು, ನಾಣ್ಯ, ಮಣಿಗಳನ್ನು ಯಾರೂ ಯಾವ ಗುಡಿಯ ಮುಂದೆಯೂ ನಿಲ್ಲಿಸಿರಲಿಲ್ಲ. ಅವು ಅಲ್ಲೇ ಇರಲಿ. ಅಣೆಕಟ್ಟಿನಲ್ಲಿ ಊರೇ ಮುಳುಗಿದ ಕಲ್ಲುಗಳಿಗೆ ಹೋಗಲು ಮನೆಯಿಲ್ಲ. ನಾಗಾರ್ಜುನಕೊಂಡದ ಶಿಲ್ಪಗಳು ನೀರಿನ ನಡುವಿನ ಗುಡ್ಡದ ಮೇಲೆ ಸಂಗ್ರಹಾಲಯ ಕಂಡದ್ದು ಹಾಗೆ, ಅದು ಸರಿಯಾದದ್ದೇ. ಎಲ್ಲಿಂದ ಬಂತೆಂಬ ಗುರುತೇ ಇಲ್ಲದ ವಿಗ್ರಹಗಳು ಸಾಕಷ್ಟಿವೆ. ಇವನ್ನೆಲ್ಲ ಬಿಟ್ಟ ಮೇಲೂ ತಮ್ಮ ಊರಿನ ಹೆಸರನ್ನು, ಗುಡಿಯ ಹೆಸರನ್ನು, ಕೆರೆಯ ಕೆಳಗಿನ ಜಮೀನನ್ನು ಮೈಮೇಲೇ ಬರೆದುಕೊಂಡ ಕಲ್ಲುಗಳು ಉಳಿಯುತ್ತವೆ. ಮೊದಲು ಅಂಥವುಗಳ ಪಟ್ಟಿಯಾಗಲಿ. ದೆಹಲಿಯಲ್ಲಿ ನಾರ್ತ್ ಬ್ಲಾಕ್, ಸೌತ್ ಬ್ಲಾಕ್‌ಗಳಲ್ಲಿ ಹೊಸ ರಾಷ್ಟ್ರೀಯ ಸಂಗ್ರಹಾಲಯ ಮಾಡುವ ಯೋಜನೆಯಿದೆ. ಕಟ್ಟಡ ದೊಡ್ಡದಾದಷ್ಟೂ ತುಂಬಲು ವಸ್ತು ಬೇಕಾಗುತ್ತದೆ, ಆಗ ಹಳ್ಳಿಗಳ ಕಡೆಗೇ ಕಣ್ಣು ಬೀಳುವುದು. ಅದಕ್ಕೆ ಮುಂಚೆ ನಮ್ಮ ರಾಜ್ಯದ ಇಲಾಖೆ ಆತಕೂರಿನಿಂದ ಶುರುಮಾಡಬಹುದು. ಸ್ಕ್ಯಾನ್ ಮಾಡಿ ಒಂದು ನಕಲು ತೆಗೆಯುವುದು ಎಷ್ಟರ ಖರ್ಚು? ನಕಲು ಕಸ್ತೂರಬಾ ರಸ್ತೆಯಲ್ಲಿ ನಿಲ್ಲಲಿ, ಅದರ ಕೆಳಗೆ ಮೂಲ ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕು ಆತಗೂರಿನಲ್ಲಿದೆ ಎಂದು ಬರೆಯಲಿ, ಹೋಗುವ ದಾರಿಯನ್ನೂ ಬರೆಯಲಿ.